ಮೊರಕ್ಕೆ ಬಳಿದ ವಾರ್ನೀಷು

ವಯಸ್ಸಾದ ಹೆಂಗಸಿನ ಕೈಯಿಂದ ಮನೆಯವರು ಕೆಲಸಗಳನ್ನು ಒಂದೊಂದಾಗಿ ಕಿತ್ತುಕೊಳ್ಳುತ್ತಾರೆ. ಅದಕ್ಕೆ "ನೀವು ಕೂತ್ಕೊಳ್ಳಿ ಅತ್ತೆ" ಅಂತ ಹೆಸರು. ಹಾಲು ಕರೆಯುವುದು ಹೋಯಿತು, ಕಣ ಕಾಯುವುದು ಹೋಯಿತು, ಉಪ್ಪಿನಕಾಯಿ ಭರಣಿಯೂ ಸೊಸೆ ದೇವಕಿಯ ಕೈ ಸೇರಿತು. ನನಗೆ ಉಳಿದದ್ದು ಮೊರ ಒಂದೇ. ಅಕ್ಕಿ ಕೇರಿ ಕಲ್ಲು ತೆಗೆಯುವುದರಲ್ಲಿ ನನ್ನನ್ನು ಮೀರಿಸುವವರು ಮಾದಾಪುರದಲ್ಲಿ ಇಲ್ಲ ಅಂತ ನಾನೇ ಹೇಳಿಕೊಳ್ಳುತ್ತೇನೆ. ಬೇರೆಯವರು ಹೇಳಲಿ ಅಂತ ಕಾಯುವಷ್ಟು ಆಯಸ್ಸು ಉಳಿದಿಲ್ಲ.

ಕೊಡಗು ಮೈಸೂರಿಗೆ ಸೇರಿತು. ಅದರ ಹಿಂದೆಯೇ ನನ್ನ ಅಳಿಯ ಬೆಳ್ಯಪ್ಪನೂ ಹೋಗಿ ಮೈಸೂರಿನ ಒಂದು ಬಣ್ಣದಂಗಡಿ ಸೇರಿದ. ಹೋದ ವರ್ಷ ಮಳೆಗಾಲಕ್ಕೆ ಮುಂಚೆ ಒಂದು ಡಬ್ಬಿ ಹಿಡಿದುಕೊಂಡು ಬಂದ. "ಅತ್ತೆ, ಇದು ಪ್ಲಾಸ್ಟಿಕ್ ಜಾತಿಯ ವಾರ್ನೀಷು. ಈರುಳ್ಳಿಯ ಒಳಸಿಪ್ಪೆಗಿಂತ ತೆಳು. ಬಳಿದದ್ದೇ ಗೊತ್ತಾಗೋದಿಲ್ಲ" ಅಂದ. "ಗೊತ್ತಾಗದಿದ್ದರೆ ಯಾಕೆ ಬಳೀಬೇಕು?" ಅಂದೆ. ನಕ್ಕು ಬಳಿಯತೊಡಗಿದ.

ಸುಳ್ಳು ಹೇಳಬಾರದು, ಆ ಡಬ್ಬಿಯಲ್ಲಿ ಗುಣವಿತ್ತು. ನಮ್ಮ ಮಳೆಗೆ ಮನುಷ್ಯರನ್ನೊಂದು ಬಿಟ್ಟು ಎಲ್ಲಕ್ಕೂ ಬೂಷ್ಟು ಬರುತ್ತದೆ. ಆ ವರ್ಷ ಮಚ್ಚುಕತ್ತಿಗೆ ತುಕ್ಕು ಹಿಡಿಯಲಿಲ್ಲ, ಮಗನ ಚರ್ಮದ ಬೆಲ್ಟು ಹಸಿರಾಗಲಿಲ್ಲ, ಹಿತ್ತಾಳೆ ದೀಪ ಹುಣಸೆಹಣ್ಣು ಕೇಳಲಿಲ್ಲ, ಗೋಡೆಯ ಕ್ಯಾಲೆಂಡರು ಕೂಡ ಸುರುಳಿ ಸುತ್ತಲಿಲ್ಲ. ಕಬ್ಬಿಣ, ತೊಗಲು, ಕಾಗದ ಅಂತ ಭೇದವಿಲ್ಲದೆ ಎಲ್ಲಕ್ಕೂ ಹಿಡಿಯಿತು. ಇಷ್ಟಕ್ಕೇ ನಿಲ್ಲಿಸಿದ್ದರೆ ಅವನನ್ನು ಊರಿಡೀ ಹೊಗಳುತ್ತಿದ್ದೆ. ಡಬ್ಬಿಯ ತಳದಲ್ಲಿ ಸ್ವಲ್ಪ ಉಳಿದಿತ್ತು. ನಾನು ಸಗಣಿ, ಮೆಂತ್ಯದ ಹಿಟ್ಟು ಕಲಸಿ ಸಾರಿಸಿಟ್ಟಿದ್ದ ಮೊರವನ್ನು ಉಜ್ಜಿ ತೊಳೆದು, ಅದಕ್ಕೂ ಬಳಿದುಬಿಟ್ಟ.

ಮುಂದಿನ ವಾರ ನನ್ನ ತಮ್ಮ ಸುಬ್ಬಯ್ಯ ಊಟಕ್ಕೆ ಬಂದ. ಎರಡನೇ ತುತ್ತಿಗೆ ಕಟಕ್ ಅಂದಿತು. "ಅಕ್ಕಾ, ಇದೇನು ಅನ್ನವೋ, ಮಾದಾಪುರದ ರಸ್ತೆಯೋ?" ಅಂದ. ಯಾರೂ ನಗಲಿಲ್ಲ, ಅದೇ ನನಗೆ ಉರಿದದ್ದು. ದೇವಕಿ ಮೆತ್ತಗೆ, "ಅತ್ತೆಗೆ ಕಣ್ಣು ಮಂಜು. ನಾಳೆಯಿಂದ ನಾನೇ ಕೇರ್ತೇನೆ" ಅಂದಳು. ಮೊರವೂ ಹೋಯಿತು. ಜಗಲಿಯಲ್ಲಿ ಕೂತು ಕೋಳಿಗಳನ್ನು ಬೈಯುವುದೊಂದೇ ನನ್ನ ಕೆಲಸವಾಯಿತು.

ಮೂರು ದಿನ ಆಗಲಿಲ್ಲ, ಈ ಸಲ ಕಟಕ್ ಅಂದದ್ದು ಮಗನ ಬಾಯಲ್ಲಿ. ನಾನು ಎದ್ದುಹೋಗಿ ಮೊರಕ್ಕೆ ಒಂದು ಹಿಡಿ ಅಕ್ಕಿ ಹಾಕಿ ಎಲ್ಲರೆದುರು ಕೇರಿದೆ. ಸಗಣಿ ಸಾರಿಸಿದ ಮೊರದಲ್ಲಿ ಅಕ್ಕಿ ಮುಂದೆ ಓಡುತ್ತದೆ, ಕಲ್ಲು ಆ ತರಿತರಿ ಮೈಗೆ ಸಿಕ್ಕಿ ಹಿಂದೆ ಉಳಿಯುತ್ತದೆ. ಇದರಲ್ಲಿ ಅಕ್ಕಿ, ಕಲ್ಲು ಎರಡೂ ಕೈಕೈ ಹಿಡಿದುಕೊಂಡು ಜಾರಿದವು. "ಕಣ್ಣು ಮಂಜಂತೆ! ನಿನಗೇನಾಗಿತ್ತೇ?" ಅಂದೆ. ದೇವಕಿ ಹೋಗಿ ಸಗಣಿ ತಂದಳು. ವಾರ್ನೀಷಿನ ಮೇಲೆಯೇ ಬಳಿದು ನೋಡಿದೆವು, ಒಣಗಿ ಹಪ್ಪಳದ ಹಾಗೆ ಎದ್ದುಬಂತು. ಕೊನೆಗೆ ಮಗ ಸಂತೆಯಿಂದ ಹೊಸ ಮೊರ ತಂದು ನನ್ನ ಕೈಗೇ ಕೊಟ್ಟ. ಹಳೆಯದನ್ನು ತಲೆಗೆ ಹಿಡಿದು ಮಳೆಯಲ್ಲಿ ಕೊಟ್ಟಿಗೆಗೆ ಹೋಗುತ್ತೇನೆ. ಒಂದು ಹನಿ ಸೋರುವುದಿಲ್ಲ.

ಈಗ ಹೊಸ ಮೊರ, ಒಳ್ಳೆಯ ಸಗಣಿ, ಹದವಾದ ಮೆಂತ್ಯ. ವಾರ್ನೀಷಿನ ವಾಸನೆ ಕೂಡ ಇಲ್ಲ. ಆದರೂ ಮೊನ್ನೆ ಊಟದಲ್ಲಿ ಒಂದು ಕಲ್ಲು ಸಿಕ್ಕಿತು. ಪುಣ್ಯಕ್ಕೆ ನನ್ನ ಬಾಯಿಗೇ ಸಿಕ್ಕಿತು. "ಏನತ್ತೆ, ಸುಮ್ಮನಾದಿರಿ?" ಅಂದಳು ದೇವಕಿ.

"ಸಾರು ಚೆನ್ನಾಗಿದೆ" ಅಂತ ನುಂಗಿದೆ.