ಪರಪ್ಪ ತಿಜೋರಿ ನೀಟು ಮಾಡಿದ್ದು

"ಇವತ್ತ ಸಂಜಿ ಅನ್ನೂದ್ರಾಗ ಆ ತಿಜೋರಿಗೆ ಒಂದು ಮುಕ್ತಿ ಕೊಡತೇನಿ," ಎಂದು ರವಿವಾರ ಮುಂಜಾನೆ ಎರಡನೇ ಚಹಾ ಕುಡಿಯುತ್ತ ಪರಪ್ಪ ಘೋಷಿಸಿದ.

ಹೆಂಡತಿ ದಾನೇಶ್ವರಿ ಆಗ ಮೂಡಲಗಿಗೆ ಹೊರಟಿದ್ದಳು. ಅಲ್ಲಿ ಅವಳ ತಂಗಿಯ ಬಸುರಿ ಮಗಳ ಕುಬಸ. ಒಂದು ದಿನ ಮನೆ ಬಿಡುವುದಕ್ಕೆ ಅವಳು ನಸುಕಿನಿಂದ ತಯಾರಿ ನಡೆಸಿದ್ದಳು. ರೊಟ್ಟಿ ಬಡಿದು, ಪಲ್ಯ ಮಾಡಿ, ಹಾಲಿಗೆ ಹೆಪ್ಪು ಹಾಕಿ, ಗಂಡನ ಬಿ.ಪಿ. ಗುಳಿಗೆಯನ್ನು ಅವನ ಕಣ್ಣಿಗೆ ಖಂಡಿತ ಬೀಳುವ ಏಕೈಕ ಜಾಗದಲ್ಲಿ, ಅಂದರೆ ಟಿವಿ ರಿಮೋಟಿನ ಮೇಲೆ, ಇಟ್ಟಿದ್ದಳು.

"ತಿಜೋರಿಗೆ ಏನಾಗೈತ್ರಿ?"

"ಅದಕ್ಕ ಸಿಸ್ಟಮ್ ಇಲ್ಲ."

ಪರಪ್ಪ ಸಕ್ಕರೆ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಮೂವತ್ತೊಂದು ವರ್ಷ ಇದ್ದವನು. ಅವನ ಕಾಲದಲ್ಲಿ ಒಂದು ಬೋಲ್ಟೂ ಕಳೆದಿಲ್ಲ ಎಂಬುದು ಅವನೇ ಹೇಳಿದ ಮಾತು. ನಿವೃತ್ತನಾದ ಮೇಲೆ ಮೊಬೈಲಿನಲ್ಲಿ 'ಮನೆ ಅಚ್ಚುಕಟ್ಟಾಗಿಡಲು ಹತ್ತು ಉಪಾಯ' ಎಂಬಂಥ ವಿಡಿಯೋಗಳನ್ನು ಭಕ್ತಿಯಿಂದ ನೋಡುತ್ತಿದ್ದ. ಹೋದ ತಿಂಗಳು ಅಡುಗೆಮನೆಯ ಡಬ್ಬಿಗಳಿಗೆಲ್ಲ ನಂಬರು ಅಂಟಿಸಿ, ಜಾಗ ಬದಲಿಸಿ ಉಪಕಾರ ಮಾಡಿದ್ದ. ಅಂದಿನಿಂದ ದಾನೇಶ್ವರಿ ಸಕ್ಕರೆ ಯಾವುದು, ಉಪ್ಪು ಯಾವುದು ಎಂದು ನೆಕ್ಕಿ ನೋಡಿ ಚಹಾ ಮಾಡುತ್ತಿದ್ದಳು.

ಈಗ ತಿಜೋರಿಯ ಸರದಿ. ಗೋಕಾಕದ ಆ ಮನೆಯ ನಡುಕೋಣೆಯಲ್ಲಿದ್ದ ಕಬ್ಬಿಣದ ಕಪಾಟದು. ಅದರ ತುಂಬ ಆಯೇರಿ ಸೀರೆಗಳು. ಮದುವೆ, ಕುಬಸ, ತೊಟ್ಟಿಲು ಎಂದು ಬಂಧುಗಳು ಕೊಟ್ಟ ಸೀರೆಗಳನ್ನೆಲ್ಲ ಉಟ್ಟು ಹರಿಯಲು ಏಳು ಜನ್ಮ ಬೇಕು. ಅದಕ್ಕೇ ಒಬ್ಬರು ಕೊಟ್ಟ ಸೀರೆ ಇನ್ನೊಬ್ಬರ ಕಾರ್ಯಕ್ಕೆ ಆಯೇರಿಯಾಗಿ ಹೋಗುತ್ತದೆ. ಇದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ನಿಯಮ ಒಂದೇ: ಕೊಟ್ಟವಳ ಕೈಗೆ ಅವಳದೇ ಸೀರೆ ತಿರುಗಿ ಹೋಗಬಾರದು.

ಬರುವ ಗುರುವಾರ ಯಮಕನಮರಡಿಯಲ್ಲಿ ಪರಪ್ಪನ ಅಕ್ಕ ಚನ್ನವ್ವನ ಹೊಸ ಮನೆಯ ಗುರುಪ್ರವೇಶವಿತ್ತು. ಎರಡು ವರ್ಷದ ಹಿಂದೆ ತನ್ನ ಮಗ ಅಭಿಷೇಕನ ಮದುವೆಯಲ್ಲಿ ಪರಪ್ಪ ಅಕ್ಕನನ್ನು ಫೋಟೋಕ್ಕೆ ಕರೆಯಲು ಮರೆತಿದ್ದ. ಅಂದು ಮಾತು ಬಿಟ್ಟ ಅಕ್ಕ ಮೊನ್ನೆ ತಾನಾಗಿಯೇ ಫೋನ್ ಮಾಡಿ, "ಮುಂಜಾನಿನ ಬಾ, ತಮ್ಮ," ಎಂದಿದ್ದಳು. ಆ 'ತಮ್ಮ' ಎಂಬ ಮಾತು ಕೇಳಿ ಪರಪ್ಪ ಅಂಗಳದಲ್ಲಿ ನಿಂತು ಕಣ್ಣೊರೆಸಿಕೊಂಡಿದ್ದ. ಈ ಸಲ ಏನೂ ತಪ್ಪಬಾರದು. ಅದಕ್ಕೇ ಸಿಸ್ಟಮ್.

ಸಂಜೆ ದಾನೇಶ್ವರಿ ಬಂದಾಗ ತಿಜೋರಿಯ ಬಾಗಿಲು ಪ್ರದರ್ಶನಕ್ಕೆಂದು ತೆರೆದೇ ಇತ್ತು. ನಲವತ್ತೊಂದು ಸೀರೆಗಳು ಚಾಪೆಯಂತೆ ಸುರುಳಿ ಸುತ್ತಿಕೊಂಡು, ತಿಳಿಯಿಂದ ಗಾಢಕ್ಕೆ, ಬಣ್ಣದ ಕ್ರಮದಲ್ಲಿ ಕವಾಯತಿಗೆ ನಿಂತಿದ್ದವು.

"ಹೆಂಗೈತಿ?"

ಅವಳು ಕೈಯ ಚೀಲವನ್ನೂ ಕೆಳಗಿಡಲಿಲ್ಲ. "ಮ್ಯಾಲಿನ ಖಾನೆದಾಗಿದ್ದೂ ಯಾವು?"

"ಖಾನೆ ಯಾವುದಾದ್ರೇನು? ಬಣ್ಣ ನೋಡು."

"ಮ್ಯಾಲಿಂದು ಗೋಕಾಕ ಮಂದಿ ಕೊಟ್ಟಿದ್ದು. ನಡುವಿಂದು ಮೂಡಲಗಿ. ಕೆಳಗಿಂದು ಹುಕ್ಕೇರಿ ಕಡೇದು. ಗೋಕಾಕದ್ದು ಹುಕ್ಕೇರಿಗೆ ಹೋಗತಿತ್ತು, ಹುಕ್ಕೇರಿದು ಮೂಡಲಗಿಗೆ, ಮೂಡಲಗಿದು ಗೋಕಾಕಕ್ಕ. ಮೂವತ್ತ ವರ್ಷದಾಗ ಒಂದ ಸೀರಿ ದಾರಿ ತಪ್ಪಿಲ್ಲ. ನಾ ಊರಾಗ ಇರಲಾರದಾಗ ನಿಮಗೂ ತಗ್ಯಾಕ ಬರ್ಲಿ ಅಂತ ಖಾನೆ ಮಾಡಿದ್ದೆ."

ಪರಪ್ಪ ಸುರುಳಿಗಳ ಕಡೆ ತಿರುಗಿ ನೋಡಿದ. ಯಮಕನಮರಡಿ ಹುಕ್ಕೇರಿ ತಾಲೂಕು. ಅಕ್ಕ ಕೊಟ್ಟ ಸೀರೆಯೂ ಈ ಕವಾಯತಿನಲ್ಲೇ ಎಲ್ಲೋ ನಿಂತಿದೆ.

"ಅಕ್ಕಾರಿಗೆ ಅಂಗಡಿಯಿಂದ ಹೊಸಾದ ತಂದಬಿಡ್ರಿ," ಎಂದಳು ದಾನೇಶ್ವರಿ.

"ಸ್ಟೋರ್ಸಿನ್ಯಾಗ ಮಾಲು ಇರೂಮುಂದ ಹೊರಗಿಂದ ತರಸೂದು ಅಪರಾಧ. ಯಾವುದು ಯಾರದು ಅಂತ ನಾ ಹುಡಕತೇನಿ."

"ಹುಡಕ್ರಿ," ಎಂದು ಅವಳು ಒಳಗೆ ಹೋಗಿ ಕುಕ್ಕರ್ ಇಟ್ಟಳು.

ಪರಪ್ಪ ತನಿಖೆ ಶುರುಮಾಡಿದ. ಮೊದಲು ಹುಕ್ಕೇರಿಯ ಚಿಕ್ಕಪ್ಪನ ಮಗ ಲಕ್ಷ್ಮಣನಿಗೆ ಫೋನ್ ಹಚ್ಚಿ, ಅಭಿಷೇಕನ ಮದುವೆಯಲ್ಲಿ ಕೊಟ್ಟ ಸೀರೆಯ ಬಣ್ಣ ಯಾವುದೆಂದು ಕೇಳಿದ.

"ಸೀರೀನಾ? ನಾ ಚೀಲ ಹಿಡದಾಂವ ಅಣ್ಣಾ. ಒಳಗ ಏನಿತ್ತೋ ಶಿವನ ಬಲ್ಲ."

ಗಂಡಸರಿಂದ ಪ್ರಯೋಜನವಿಲ್ಲವೆಂದು ಮೂಡಲಗಿಯ ಪಾರವ್ವ ಚಿಗವ್ವನನ್ನು ಕೇಳಿದ.

"ಯಾಕಪಾ, ಬಣ್ಣ ಬಿಟ್ಟತೇನು?"

"ಇಲ್ಲ ಚಿಗವ್ವಾ, ಸುಮ್ನ ಕೇಳಿದೆ."

"ಎರಡ ವರ್ಷ ಆದಮ್ಯಾಲ ಯಾರಪಾ ಸುಮ್ನ ಕೇಳತಾರ? ಹರದಿರಬೇಕು. ಹೇಳಾಕ ನಿನಗ ನಾಚಿಕಿ."

ಮಂಗಳವಾರ ಮೂಡಲಗಿ ಬಸ್ಸಿನ ಕಂಡಕ್ಟರ್ ಒಂದು ಪೊಟ್ಟಣ ಕೊಟ್ಟು ಹೋದ. ಹಿಂದೆಯೇ ಪಾರವ್ವನ ಫೋನು: "ಹೊಸಾ ಸೀರಿ ಕಳಿಸೇನಿ. ಹಳೇದನ್ನ ಅದ ಬಸ್ಸಿಗೆ ವಾಪಸ್ ಹಾಕು. ಆ ಅಂಗಡ್ಯಾವನ ಮಾರಿ ಮ್ಯಾಲ ಒಗದ ಬರತೇನಿ."

ಹಳೆಯದು ಯಾವುದೆಂದು ಗೊತ್ತಿದ್ದರೆ ಪರಪ್ಪ ಫೋನ್ ಮಾಡುತ್ತಲೇ ಇರಲಿಲ್ಲ.

ಬುಧವಾರದ ಹೊತ್ತಿಗೆ ಏಳು ಫೋನುಗಳಾಗಿ, ಇನ್ನಿಬ್ಬರು ಸಿಟ್ಟಿನಿಂದ ಸೀರೆ ಕಳಿಸಿ, ನಲವತ್ತೊಂದು ಇದ್ದದ್ದು ನಲವತ್ನಾಲ್ಕಾಗಿತ್ತು. ಪರಪ್ಪ ಬಂಧುಗಳು ಕೊಟ್ಟ ಸೀರೆಗಳಲ್ಲಿ ಹುಳುಕು ಹುಡುಕುತ್ತಿದ್ದಾನೆಂಬ ಸುದ್ದಿ ಧುಪದಾಳದ ಒಡ್ಡಿನಿಂದ ಧುಮುಕಿದ ನೀರಿನಂತೆ ಮೂರು ತಾಲೂಕಿಗೂ ಹರಿಯಿತು. ಅಕ್ಕನಿಗೆ ಮಾತ್ರ ಅವನು ಫೋನ್ ಮಾಡಲಿಲ್ಲ. ಈಗಷ್ಟೇ ಮೆತ್ತಗಾದ ಹುಲಿಯ ಮೀಸೆ ಎಳೆಯುವಷ್ಟು ಅವನು ದಡ್ಡನಲ್ಲ.

ಕೊನೆಗೆ ತರ್ಕಕ್ಕೆ ಶರಣಾದ. ಸಾಲಿನಲ್ಲಿ ಹಸಿರು ಇಳಕಲ್ ಸೀರೆಯೊಂದು ಎಲ್ಲಕ್ಕಿಂತ ಚೆಂದವಿತ್ತು. "ಅಕ್ಕ ಬಾಳ ಕೈಬಿಗಿ ಮನಷ್ಯಾಳು. ಇಂಥಾ ಭಾರಿ ಸೀರಿ ಯಾರಿಗೂ ಕೊಟ್ಟಾಕಿ ಅಲ್ಲ. ಅಂದ್ರ ಇದು ಆಕೀದಲ್ಲ," ಎಂದು ಅದನ್ನು ಚೀಲಕ್ಕೆ ಹಾಕಿದ.

"ಏನ್ರಿ, ಆ ಹಸರ ಸೀರಿ..." ಎಂದು ದಾನೇಶ್ವರಿ ಬಾಯಿ ತೆರೆದಳು.

"ನೀ ಸುಮ್ನಿರು. ನಡುವ ಮಾತಾಡಿದ್ರ ಸಿಸ್ಟಮ್ ಕೆಡತೈತಿ."

ಅವಳು ಸುಮ್ಮನಾದಳು. ಮೂವತ್ತು ವರ್ಷದಲ್ಲಿ ಗಂಡನ ಯಾವ ಅಪ್ಪಣೆಯನ್ನೂ ಅವಳು ಇಷ್ಟು ಸಂತೋಷದಿಂದ ಪಾಲಿಸಿರಲಿಲ್ಲ.

ಗುರುವಾರ ಯಮಕನಮರಡಿಯಲ್ಲಿ ಅಕ್ಕ ಹೊಸ ಬಾಗಿಲಿಗೆ ಅಡ್ಡವಾಗಿ, ಟೊಂಕದ ಮೇಲೆ ಕೈಯಿಟ್ಟು ನಿಂತಿದ್ದಳು.

"ಪಾರವ್ವನ್ನ ಕೇಳಿದಿ, ಲಕ್ಷ್ಮಣನ್ನ ಕೇಳಿದಿ. ಎಲ್ಲಾರ ಸೀರಿ ಕೇಳಿ ನಂದೊಂದ ಯಾಕ ಕೇಳಲಿಲ್ಲ? ಫೋಟೋಕ್ಕೂ ಬ್ಯಾಡ, ಫೋನಿಗೂ ಬ್ಯಾಡ ನಾನು?"

"ಅಲ್ಲ ಅಕ್ಕಾ, ಕೇಳಿದ್ರ ನೀ ಸಿಟ್ಟಾಗತಿ ಅಂತ..."

"ಕೇಳಿದ್ರ ಸಿಟ್ಟಾಗತಿದ್ದೆ, ಖರೆ. ಕೇಳಲಾರದ್ದಕ್ಕ ಇನ್ನೂ ಹೆಚ್ಚ ಸಿಟ್ಟಾಗೇನಿ."

ಪರಪ್ಪ ಬ್ರಹ್ಮಾಸ್ತ್ರವೆಂಬಂತೆ ಚೀಲ ಮುಂದೆ ಹಿಡಿದ. ಅಕ್ಕ ಸೀರೆ ತೆಗೆದಳು. ಸೆರಗು ಬಿಚ್ಚಿದಳು. ಅಂಚು ಹಿಡಿದು ನೋಡಿದಳು. ಒಳಗೆ ಜಂಗಮರ ಮಂತ್ರವೂ ಅದೇ ಹೊತ್ತಿಗೆ ನಿಲ್ಲಬೇಕೆ?

"ಇದು ನಾ ಕೊಟ್ಟ ಸೀರಿ."

ಪರಪ್ಪನಿಗೆ ಹೊಸ ಮನೆಯ ನೆಲ ಬಾಯಿ ತೆರೆದಿದ್ದರೆ ಚೆನ್ನಾಗಿತ್ತು ಎನಿಸಿತು. ಎರಡು ವರ್ಷ ಕಾದು ಸಿಕ್ಕ 'ತಮ್ಮ' ಎಂಬ ಮಾತು ಇನ್ನೆಷ್ಟು ವರ್ಷಕ್ಕೋ!

ಅಕ್ಕ ಹಿಂದೆ ನಿಂತಿದ್ದ ದಾನೇಶ್ವರಿಯ ಕಡೆ ತಿರುಗಿದಳು. "ನಿನಗ ಗೊತ್ತಿರಲಿಲ್ಲೇನ ದಾನವ್ವ?"

"ಗೊತ್ತಿತ್ತ್ರಿ ಅಕ್ಕಾರ. ಅಭಿಷೇಕನ ಮದಿವ್ಯಾಗ ಕೊಟ್ಟಿದ್ರಿ. ಸೆರಗಿನ ಎಳಿ ಸಡ್ಲ ಆಗಿತ್ತು, ನಾನ ಗಂಟ ಹಾಕಿದ್ದೆ. ನಲವತ್ತೊಂದೂ ಯಾರ ಕೊಟ್ಟಿದ್ದು ಅಂತ ಕಣ್ಣ ಮುಚ್ಚಿ ಹೇಳತೇನಿ."

"ಮತ್ತ ಇವಗ ಯಾಕ ಹೇಳಲಿಲ್ಲ?"

"ಹೇಳಾಕ ಹೋದ್ರ ಸುಮ್ನಿರು ಅಂದ್ರು. ಮೂರ ತಾಲೂಕ ಕೇಳ್ಯಾರ್ರಿ. ಮನ್ಯಾಗಿದ್ದಾಕಿನ್ನ ಕೇಳಿಲ್ಲ."

ಚನ್ನವ್ವ ತಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವಳ ತುಟಿ ಅಲುಗಿತು, ಹೊಟ್ಟೆ ಅಲುಗಿತು, ಕಡೆಗೆ ಬಾಗಿಲ ತೋರಣ ಅಲುಗುವಂತೆ ನಕ್ಕಳು.

"ಅಂದ್ರ ನಿನ್ನೂ ಕೇಳಿಲ್ಲ! ನಾ ಒಬ್ಬಾಕೀನ ಅನಕೊಂಡ ಎರಡ ವರ್ಷ ಸಿಟ್ಟ ಹಿಡದಿದ್ನೆಲ್ಲ. ಒಳಗ ಬಾ ದಾನವ್ವ. ಈ ಸೀರಿ ಕೊಡೂಮುಂದ ನನಗ ಹೊಟ್ಟಿ ಚುರ್ ಅಂದಿತ್ತು. ಚಲೋ ಆತು, ನಾನ ಉಡತೇನಿ. ನೀನೂ ಬಾರೋ ತಮ್ಮ, ಚಪ್ಪಲಿ ಕಳದ ಬಾ."

ಇಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ಒಳಗೆ ಹೋದರು. ಪರಪ್ಪ ಹೊಸ್ತಿಲಲ್ಲಿ ಬಗ್ಗಿ ಚಪ್ಪಲಿ ಬಿಚ್ಚುತ್ತಿದ್ದಾಗ ಬೀಗರ ಕಡೆಯವರೊಬ್ಬರು ಬಂದು ಕೇಳಿದರು: "ಏನ್ರಿ ಪರಪ್ಪನವರ, ಆಯೇರಿ ಒಳಗ ಕೊಡೂದೋ, ಹೊರಗೋ?"

ಪರಪ್ಪ ಎಂದಿನಂತೆ ತೋರುಬೆರಳು ಎತ್ತಿದ. ಬಾಯಿ ತೆರೆದ. ಮತ್ತೆ ಮುಚ್ಚಿದ.

"ತಡೀರಿ," ಎಂದ, "ನಮ್ಮಾಕಿನ್ನ ಕೇಳಿ ಬರತೇನಿ."