ಇನ್ನೂರ ಐವತ್ತೈದನೇ ನಂಬರಿನ ಅಧ್ಯಕ್ಷ

1991ರಲ್ಲಿ ನಾನು ಶಾಲೆ ಬಿಟ್ಟೆ, ಒಂಬತ್ತನೇ ಕ್ಲಾಸಿನ ಅರ್ಧದಲ್ಲಿ. ಬಿಡಿಸಿದ್ದು ಬಡತನವೂ ಅಲ್ಲ, ಮೇಷ್ಟ್ರೂ ಅಲ್ಲ, ಬೀಜಗಣಿತ. ಅಕ್ಷರಗಳನ್ನು ಕೂಡಿಸಿ ಅಂಕೆ ತೆಗೆಯುವ ಆ ವಿದ್ಯೆಯ ಮೇಲೆ ನನಗೆ ಆಗಲೇ ಸಂಶಯವಿತ್ತು. ಕಾಪುವಿನ ಕಡಲ ಬದಿಯಲ್ಲಿ ಅಪ್ಪನ ಜೊತೆ ಬಲೆ ಎಳೆದೆ. ಆಮೇಲೆ ಬಲೆ ಬಿಟ್ಟು ಟಿವಿ ಕೇಬಲ್ ಎಳೆದೆ. ಕಂಬ ಸಿಕ್ಕಿದರೆ ಕಂಬ, ಇಲ್ಲದಿದ್ದರೆ ತೆಂಗಿನ ಮರ. ಕಾಲ ಬದಲಾದಾಗ ಅದೇ ದಾರಿಯಲ್ಲಿ ಇಂಟರ್ನೆಟ್ ಕೇಬಲ್ ಎಳೆದೆ. ಯಾರ ಹತ್ತಿರವೂ ಕಲಿಯಲಿಲ್ಲ. ಶಾಕ್ ಹೊಡೆದರೆ ತಪ್ಪು, ಹೊಡೆಯದಿದ್ದರೆ ಸರಿ. ಇದು ನನ್ನ ವಿಶ್ವವಿದ್ಯಾಲಯ.

ಇಂಥ ನಾನು ಒಂದು ಮಂಡಳಿ ಕಟ್ಟಿದೆ. ಅದನ್ನು ಹೇಳಲೇಬೇಕು.

ವಿಷಯ ಇಷ್ಟೇ. ಇಂಟರ್ನೆಟ್ಟಿನಲ್ಲಿ ಪ್ರತಿ ಯಂತ್ರಕ್ಕೂ ಒಂದು ವಿಳಾಸ ಬೇಕು, ಮನೆಗೆ ಡೋರ್ ನಂಬರ್ ಇದ್ದ ಹಾಗೆ. ನಮ್ಮಂಥ ಸಣ್ಣ ಕೇಬಲಿನವರಿಗೆ ಸ್ವಂತ ವಿಳಾಸ ಇರಲಿಲ್ಲ. ಮಂಗಳೂರಿನ ಒಂದು ದೊಡ್ಡ ಕಂಪನಿ ತನ್ನ ವಿಳಾಸಗಳನ್ನು ನಮಗೆ ಬಾಡಿಗೆಗೆ ಕೊಡುತ್ತಿತ್ತು. ಅವರಿಗೆ ಸಿಟ್ಟು ಬಂದ ದಿನ ನಾವು ಬೀದಿಯಲ್ಲಿ. ಊರೂರು ಕೇಬಲ್ ಎಳೆದು ಮೈಕೈ ಸುಲಿಸಿಕೊಂಡವರು ನಾವು, ಬಾಗಿಲಿನ ನಂಬರ್ ಮಾತ್ರ ಇನ್ನೊಬ್ಬರದ್ದು. ಇದು ಸ್ವಾಭಿಮಾನದ ಪ್ರಶ್ನೆ ಎಂದು ನಾನು ಉಡುಪಿ, ಮಣಿಪಾಲ, ಕಾಪು, ಕಾರ್ಕಳ ಸುತ್ತಿದೆ. ಕೇಬಲಿನವರನ್ನೆಲ್ಲ ಒಂದು ಮಾಡಿದೆ. ಹೀಗೆ ನಮ್ಮ ವಿಳಾಸ ಮಂಡಳಿ ಹುಟ್ಟಿತು. ಅಧ್ಯಕ್ಷ ನಾನು. ವಿಳಾಸ ಹಂಚುವ ದೆಹಲಿಯ ಕಚೇರಿಗೆ ಅರ್ಜಿ ಹಾಕುವ ಕೆಲಸವನ್ನು ಮಣಿಪಾಲದ ಎಂಜಿನಿಯರ್ ಶ್ವೇತಾ ಮೇಡಂ ಮಾಡಿಕೊಟ್ಟರು. ಕೊನೆಗೂ ನಮ್ಮದೇ ವಿಳಾಸಗಳ ಒಂದು ಕಟ್ಟು ಬಂತು, ಸೊನ್ನೆಯಿಂದ ಇನ್ನೂರ ಐವತ್ತೈದರ ತನಕ. ಆ ದಿನ ನಾನು ನನ್ನ ಅಂಗಡಿಯಿರುವ ಕಟಪಾಡಿ ಜಂಕ್ಷನ್ನಿನಲ್ಲಿ ಆಟೋದವರಿಗೆಲ್ಲ ಚಹಾ ಕುಡಿಸಿದೆ. ಯಾಕೆಂದು ಅವರು ಕೇಳಲಿಲ್ಲ. ಚಹಾಕ್ಕೆ ಕಾರಣ ಕೇಳುವ ಆಟೋದವರು ನಮ್ಮ ಕಡೆ ಇಲ್ಲ.

ಎಲ್ಲರ ಕೇಬಲೂ ನನ್ನ ಅಂಗಡಿಯ ಮಾಳಿಗೆಗೆ ಬಂದು ಒಂದು ದೊಡ್ಡ ಪೆಟ್ಟಿಗೆಗೆ ಸೇರುವುದೆಂದಾಯಿತು. ಊರಿನ ಇಂಟರ್ನೆಟ್ಟಿಗೆಲ್ಲ ಅದೇ ಹೆಬ್ಬಾಗಿಲು. ಮೇಡಂ ಅದನ್ನು ಜೋಡಿಸುತ್ತಾ ಹೇಳಿದರು.

"ದಾಮೋದರಣ್ಣ, ಒಂದನೇ ನಂಬರನ್ನು ಈ ಪೆಟ್ಟಿಗೆಗೆ ಇಟ್ಟಿದ್ದೇನೆ. ಅದನ್ನು ಬೇರೆ ಯಾರಿಗೂ ಕೊಡ್ಲಿಕ್ಕಿಲ್ಲ. ಸೊನ್ನೆಯೂ ಬೇಡ, ಕೊನೆಯದ್ದೂ ಬೇಡ."

"ಆಯ್ತು ಆಯ್ತು" ಎಂದೆ. ಹೇಳಿದ್ದು ಮೇಡಂಗೆ ಅಲ್ಲ. ಆಗ ನನ್ನ ಕಿವಿಯಲ್ಲಿ ಫೋನ್ ಇತ್ತು. ಶಾಮಿಯಾನದವನು ಕುರ್ಚಿಗೆ ಬಿಳಿ ಬಟ್ಟೆ ಹೊದೆಸಬೇಕಾ ಎಂದು ಕೇಳುತ್ತಿದ್ದ.

ಉದ್ಘಾಟನೆಯ ಭಾನುವಾರ ಬೆಳಿಗ್ಗೆ ಕಾಪುವಿನ ಹಾಲ್ ತುಂಬಿತು. ಮೇಡಂ ಊರಿನಲ್ಲಿರಲಿಲ್ಲ, ಮೂಡಬಿದಿರೆಯಲ್ಲಿ ತಂಗಿಯ ಸೀಮಂತಕ್ಕೆ ಹೋಗಿದ್ದರು. ವೇದಿಕೆಯ ಮೇಲೆ ಹರಿವಾಣ, ಹರಿವಾಣದಲ್ಲಿ ವೀಳ್ಯ, ವೀಳ್ಯದ ಪಕ್ಕದಲ್ಲಿ ನಂಬರ್ ಕೆತ್ತಿದ ಹಿತ್ತಾಳೆಯ ಫಲಕಗಳು. ಸದಸ್ಯರನ್ನು ಒಬ್ಬೊಬ್ಬರಾಗಿ ಕರೆದು ವಿಳಾಸ ಒಪ್ಪಿಸುವುದು ನನ್ನದೇ ಕಲ್ಪನೆ. ಅಷ್ಟರಲ್ಲಿ ಕಾರ್ಕಳದ ರಮೇಶ ಎದ್ದು ನಿಂತ.

"ಅಧ್ಯಕ್ಷರೇ, ಒಂದನೇ ನಂಬರ್ ಯಾರಿಗೆ?"

ನಮ್ಮ ಕಡೆ ಇದು ಸಣ್ಣ ಪ್ರಶ್ನೆಯಲ್ಲ. ಭೂತದ ಕೋಲದಲ್ಲಿ ಗಂಧಪ್ರಸಾದ ಮೊದಲು ಯಾವ ಮನೆಗೆ ಎಂಬ ಮಾತಿಗೆ ಅಣ್ಣತಮ್ಮಂದಿರು ಮುಖ ನೋಡುವುದನ್ನೇ ಬಿಟ್ಟಿದ್ದಾರೆ.

"ನಮ್ಮಲ್ಲಿಗೆ ಮೊದಲು ಕೇಬಲ್ ಬಂದದ್ದು" ಎಂದ ರಮೇಶ.

"ನಿಮ್ಮ ಕೇಬಲ್ ಬಂದದ್ದು ನಮ್ಮ ಕಂಬದ ಮೇಲೆ ಅಲ್ವಾ ಮಾರಾಯ" ಎಂದರು ಅಂಬಲಪಾಡಿಯವರು.

ಮಂಡಳಿ ಹುಟ್ಟಿದ ದಿನವೇ ಒಡೆಯುವ ಲಕ್ಷಣ ಕಂಡಿತು. ಆಗ ನನ್ನೊಳಗಿನ ಮುತ್ಸದ್ದಿ ಎದ್ದ. ಮೈಕ್ ಹಿಡಿದು, "ಮಾನ್ಯ ಸಭೆಯ ಗಮನಕ್ಕೆ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು ಬೆಳ್ಮಣ್ಣಿನ ಸುಧಾಕರಣ್ಣ. ಮೊದಲ ನಂಬರ್ ಅವರಿಗೆ ಸಲ್ಲತಕ್ಕದ್ದು. ಮನೆಯ ಯಜಮಾನ ಊಟಕ್ಕೆ ಕೂರುವುದು ಕೊನೆಯ ಪಂಕ್ತಿಯಲ್ಲಿ. ಆದಕಾರಣ ಕೊನೆಯ ನಂಬರ್, ಇನ್ನೂರ ಐವತ್ತೈದು, ನನಗೆ" ಎಂದೆ.

ಚಪ್ಪಾಳೆಗೆ ಹಾಲಿನ ತಗಡು ನಡುಗಿತು. ಸುಧಾಕರಣ್ಣ ಫಲಕವನ್ನು ಕಣ್ಣಿಗೆ ಒತ್ತಿಕೊಂಡರು. ಮುಂದಿನ ಸಾಲಿನಲ್ಲಿದ್ದ ನನ್ನ ಹೆಂಡತಿ ವಾರಿಜ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ನಾನು ತ್ಯಾಗ ಮಾಡಿದಾಗಲೆಲ್ಲ ಅವಳಿಗೆ ಕೆಲಸ ಜಾಸ್ತಿಯಾದ ಅನುಭವವಿದೆ.

ಊಟ ಮುಗಿಸಿ ಎಲ್ಲರೂ ಅವರವರ ಅಂಗಡಿಗೆ ಹೋಗಿ ಹೊಸ ನಂಬರ್ ಹಾಕುವುದೆಂದು ತೀರ್ಮಾನ. ನಾನೂ ಕಟಪಾಡಿಗೆ ಬಂದು ಅಂಗಡಿಯ ಕಂಪ್ಯೂಟರಿಗೆ 255 ಒತ್ತಿದೆ. ಅದು ಒಪ್ಪಲಿಲ್ಲ. ಮತ್ತೆ ಒತ್ತಿದೆ, ಕೆಂಪು ಅಕ್ಷರದಲ್ಲಿ ಏನೋ ಬೈಯಿತು. ತ್ಯಾಗದ ಬೆಲೆ ಯಂತ್ರಕ್ಕೆಂತ ಗೊತ್ತು ಎಂದುಕೊಂಡು ಹಳೆಯ ನಂಬರನ್ನೇ ಉಳಿಸಿದೆ.

ಅಷ್ಟರಲ್ಲಿ ಅಂಗಡಿಯ ಫೋನು ಬಡಿದುಕೊಳ್ಳತೊಡಗಿತು. ಉಡುಪಿಯಲ್ಲಿ ನೆಟ್ ಇಲ್ಲ. ಮಣಿಪಾಲದಲ್ಲಿ ಇಲ್ಲ. ಕಾರ್ಕಳದಲ್ಲೂ ಇಲ್ಲ. ಕಾಪುವಿನಲ್ಲಿ ನೆಟ್ಟಿನಲ್ಲಿ ನೋಡುತ್ತಿದ್ದ ಕ್ರಿಕೆಟ್ ಮ್ಯಾಚು ಕೊನೆಯ ಓವರಿನಲ್ಲಿ ನಿಂತಿದೆ. ದೂರು ಕೇಳುವುದು ವಾರಿಜಳ ಇಲಾಖೆ.

"ಎಂತ ಹೇಳ್ಲಿ ಇವರಿಗೆ?"

"ಕೇಬಲ್ ಕಟ್ಟಾಗಿದೆ ಅಂತ ಹೇಳು."

"ನಾಲ್ಕೂ ಊರಿನ ಕೇಬಲ್ ಒಟ್ಟಿಗೇ?"

"ಹೈವೇಯಲ್ಲಿ ಪೈಪಿಗೆ ಗುಂಡಿ ತೋಡ್ತಾ ಇಲ್ವಾ? ಅವರದ್ದೇ ಕೆಲಸ."

ಬೈಕ್ ಹತ್ತಿ ಹೊರಟೆ. ಗುಂಡಿಯ ಹತ್ತಿರ ಉತ್ತರ ಕರ್ನಾಟಕದ ಕೆಲಸಗಾರರು ಇದ್ದರು. ಸಾರ್ವಜನಿಕ ಸಂಪರ್ಕ ವ್ಯವಸ್ಥೆಗೆ ಧಕ್ಕೆ ತರುವುದು ಎಂಥ ಅಪರಾಧ ಎಂಬ ಬಗ್ಗೆ ನಾನು ಒಂದು ಸಣ್ಣ ಭಾಷಣ ಮಾಡಿದೆ. ಮೇಸ್ತ್ರಿ ತಾಳ್ಮೆಯಿಂದ ಪೂರ್ತಿ ಕೇಳಿದ.

"ಯಜಮಾನ್ರ, ಇವತ್ತ ಐತವಾರ ಐತ್ರಿ. ಗುದ್ದಲಿ ಮುಟ್ಟಿಲ್ಲ. ಬಟ್ಟಿ ಒಗ್ಯಾಕ ಹತ್ತೀವಿ" ಎಂದ.

ನಿಜ. ಗುಂಡಿಯ ತುಂಬ ನಿಂತ ನೀರಿನ ಮೇಲೆ ಸಾಬೂನಿನ ನೊರೆ ಇತ್ತು.

ಹಾಗಾದರೆ ಕಂಬದ ಜಾಯಿಂಟೇ ಹೋಗಿರಬೇಕು. ಅಧ್ಯಕ್ಷರ ಬಿಳಿ ಪಂಚೆಯಲ್ಲೇ ಕಂಬ ಹತ್ತಿದೆ. ಹಳೆಯ ವಿದ್ಯೆ, ಕಾಲು ಮರೆಯುವುದಿಲ್ಲ. ಜಾಯಿಂಟು ಚೆನ್ನಾಗಿತ್ತು. ಚೆನ್ನಾಗಿದೆಯೋ ಎಂದು ಬಿಚ್ಚಿ ನೋಡಿದೆ. ಆಮೇಲೆ ಚೆನ್ನಾಗಿರಲಿಲ್ಲ. ಅಲ್ಲಿಯ ತನಕ ನಡೆಯುತ್ತಿದ್ದ ಟಿವಿಯೂ ನಿಂತಿತು. ಇಳಿಯುವಾಗ ಪಂಚೆಯ ಅರ್ಧ ಕಂಬದ ಮೊಳೆಯಲ್ಲೇ ಉಳಿಯಿತು.

ಅರ್ಧ ಪಂಚೆಯಲ್ಲಿ ಅಂಗಡಿಗೆ ಬಂದರೆ ವಾರಿಜ ಫೋನ್ ನನ್ನ ಕೈಗೆ ಕೊಟ್ಟಳು. ಕಾರ್ಕಳದ ರಮೇಶ.

"ದಾಮೋದರಣ್ಣ, ನಾವೆಲ್ಲ ಮಾತಾಡಿಕೊಂಡೆವು. ನಾಳೆ ಬೆಳಿಗ್ಗೆಯೊಳಗೆ ಸರಿಯಾಗದಿದ್ದರೆ ಮಂಗಳೂರಿನ ಕಂಪನಿಗೇ ವಾಪಸ್ ಹೋಗ್ತೇವೆ. ನಿಮ್ಮ ಮಂಡಳಿ ನೀವೇ ಇಟ್ಟುಕೊಳ್ಳಿ."

ಊರೂರು ಸುತ್ತಿ ಕಟ್ಟಿದ್ದು ಒಂದು ಹಗಲಿಗೇ ಮುಗಿಯುತ್ತದೆ. ಮಾನ ಬಿಟ್ಟು ಶ್ವೇತಾ ಮೇಡಂಗೆ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದರು.

"ಒಂದನೇ ನಂಬರ್ ಯಾರಿಗಾದ್ರೂ ಕೊಟ್ರಾ?"

"ಸುಧಾಕರಣ್ಣನಿಗೆ. ಹಿರಿಯರಲ್ವಾ?"

"ದಾಮೋದರಣ್ಣ, ಅದು ಹೆಬ್ಬಾಗಿಲಿನ ನಂಬರ್. ಈಗ ಒಂದೇ ನಂಬರಿನ ಎರಡು ಮನೆ ಆಯ್ತು. ಊರಿನ ಇಂಟರ್ನೆಟ್ಟೆಲ್ಲ ದಾರಿ ತಪ್ಪಿ ಬೆಳ್ಮಣ್ಣಿಗೆ ಹೋಗಿ ಕೂತಿದೆ. ಅವರ ಹತ್ರ ಬೇರೆ ನಂಬರ್ ಹಾಕ್ಲಿಕ್ಕೆ ಹೇಳಿ, ಸರಿಯಾಗ್ತದೆ."

ಹೇಳುವುದು ಸುಲಭ. ನೂರಾರು ಜನರ ಎದುರು ವೀಳ್ಯದ ಮೇಲಿಟ್ಟು ಕೊಟ್ಟ ಗೌರವವನ್ನು ಯಾವ ಬಾಯಲ್ಲಿ ವಾಪಸ್ ಕೇಳುವುದು? ಆದರೂ ಪ್ಯಾಂಟ್ ಹಾಕಿ ಬೆಳ್ಮಣ್ಣಿಗೆ ಹೋದೆ.

ಸುಧಾಕರಣ್ಣನ ಅಂಗಡಿಯ ಬಾಗಿಲ ಮೇಲೆ ಆಗಲೇ ಫಲಕ ಏರಿತ್ತು. ಫಲಕಕ್ಕೆ ಮಲ್ಲಿಗೆಯ ಚೆಂಡು. ಅಕ್ಕಪಕ್ಕದವರು ಬಂದು ನೋಡುತ್ತಿದ್ದರು.

"ಬಾ ದಾಮು" ಎಂದು ಅವರು ನನ್ನ ಕೈ ಹಿಡಿದರು. "ನಲವತ್ತು ವರ್ಷದಿಂದ ಈ ಕಂಬಗಳನ್ನು ಹತ್ತಿ ಇಳಿದೆ. ನನ್ನನ್ನು ಯಾರೂ ಮೊದಲು ಅಂತ ಕರೆದದ್ದಿಲ್ಲ. ಇವತ್ತು ನೀನು ಕರೆದೆ. ಮಧ್ಯಾಹ್ನದಿಂದ ನೆಟ್ ಇಲ್ಲ, ತೊಂದರೆ ಇಲ್ಲ, ನಂಬರ್ ಉಂಟಲ್ಲ."

ಬಾಯಿಗೆ ಬಂದ ಮಾತನ್ನು ಅವರು ಕೊಟ್ಟ ನೀರುದೋಸೆಯ ಜೊತೆ ನುಂಗಿದೆ. ದೋಸೆ ಮೃದುವಾಗಿತ್ತು, ಮಾತು ಇರಲಿಲ್ಲ.

ಹೊರಗೆ ಬಂದು ಮತ್ತೆ ಮೇಡಂಗೆ ಫೋನ್ ಮಾಡಿದೆ. "ಮೇಡಂ, ಒಂದು ಅವರಲ್ಲೇ ಇರ್ಲಿ. ಹೆಬ್ಬಾಗಿಲಿಗೇ ಬೇರೆ ನಂಬರ್ ಕೊಡ್ಲಿಕ್ಕೆ ಆಗ್ತದಾ?"

"ಆಗ್ತದೆ. ಪೆಟ್ಟಿಗೆಯನ್ನು ನಾನು ಬಂದು ಬದಲಿಸ್ತೇನೆ. ಆದ್ರೆ ಹೆಬ್ಬಾಗಿಲು ಈಗ ಇನ್ನೂರ ಐವತ್ತನಾಲ್ಕು ಅಂತ ಪ್ರತಿಯೊಬ್ಬರ ಯಂತ್ರಕ್ಕೂ ಹೇಳ್ಬೇಕು. ಫೋನಿನಲ್ಲಿ ಹೇಳಿದ್ರೆ ಇವರು ಒತ್ತುವುದು ಇನ್ನೊಂದು. ನೀವೇ ಹೋಗ್ಬೇಕು."

ಹೋದೆ. ಬೆಳ್ಮಣ್ಣಿನಲ್ಲಿ ಸುಧಾಕರಣ್ಣನದ್ದನ್ನು ಮೊದಲು ಮಾಡಿ, ಅಲ್ಲಿಂದ ಕಾರ್ಕಳ, ಕಾರ್ಕಳದಿಂದ ಮಣಿಪಾಲ, ಉಡುಪಿ, ಕೊನೆಗೆ ಕಾಪು. ಒಂದೊಂದು ಅಂಗಡಿಯಲ್ಲೂ ತಲೆ ತಗ್ಗಿಸಿ ಕೂತು ಯಂತ್ರ ಸರಿಮಾಡಿದೆ. ಚಹಾದ ಜೊತೆ ಮಾತೂ ಸಿಕ್ಕಿತು.

"ನಮ್ಮ ಅಧ್ಯಕ್ಷರು ಮನೆಮನೆಗೆ ಬರ್ತಾರೆ, ಯಾವ ಮಂಡಳಿಯಲ್ಲಿ ಉಂಟು ಇದು?" ಎಂದ ರಮೇಶ. ಚಹಾಕ್ಕೆ ಎರಡು ಬಿಸ್ಕೀಟನ್ನೂ ಇಟ್ಟ. ಕಂಪನಿಗೆ ವಾಪಸ್ ಹೋಗುವ ಮಾತು ಮತ್ತೆ ಎತ್ತಲಿಲ್ಲ.

ಬಿಚ್ಚಿದ್ದ ಕಂಬದ ಜಾಯಿಂಟನ್ನೂ ಕಟ್ಟಿ ಕಟಪಾಡಿಗೆ ಮರಳುವಾಗ ಮೇಡಂ ಸೀಮಂತದ ಸೀರೆಯಲ್ಲೇ ಬಂದು ಪೆಟ್ಟಿಗೆ ಸರಿಮಾಡಿದ್ದರು. ಫೋನು ಬಡಿದುಕೊಳ್ಳುವುದು ನಿಂತಿತ್ತು. ಉಡುಪಿಯಿಂದ ಕಾರ್ಕಳದ ತನಕ ನಮ್ಮದೇ ವಿಳಾಸದಲ್ಲಿ ಇಂಟರ್ನೆಟ್ ಓಡುತ್ತಿತ್ತು. ಯಾರ ಬಾಡಿಗೆಯದ್ದೂ ಅಲ್ಲ. ನನಗೆ ಕಣ್ಣು ತುಂಬಿ ಬಂತು. ವಾರಿಜ ಪಂಚೆಯ ಉಳಿದರ್ಧವನ್ನು ಕೊಟ್ಟಳು, ಒರೆಸಿಕೊಂಡೆ.

"ಮೇಡಂ, ನನ್ನ ಇನ್ನೂರ ಐವತ್ತೈದನ್ನು ಮಾತ್ರ ಈ ಕಂಪ್ಯೂಟರ್ ಒಪ್ಪುವುದಿಲ್ಲ" ಎಂದೆ.

"ಒಪ್ಪುವುದಿಲ್ಲ ದಾಮೋದರಣ್ಣ. ಅದು ಯಾರ ವಿಳಾಸವೂ ಅಲ್ಲ. ಆ ನಂಬರಿಗೆ ಒಂದು ಮಾತು ಹೇಳಿದ್ರೆ ಅದು ಊರಿಗೆಲ್ಲ ಹೋಗ್ತದೆ."

"ಹಾಗಾದ್ರೆ ಬದಲಿಸ್ಬೇಡಿ ಮೇಡಂ" ಎಂದಳು ವಾರಿಜ. "ಇವರಿಗೆ ಸರಿಯಾದದ್ದೇ ಸಿಕ್ಕಿದೆ."

ಹಾಗೆ ನಾನೇ ಕೂತು ಇದನ್ನು ಊರಿಗೆಲ್ಲ ಹೇಳುತ್ತಿದ್ದೇನೆ.

ಈಗ ನನ್ನಲ್ಲಿರುವುದು: ಅಂಗಡಿ ಒಂದು, ಮಂಡಳಿ ಒಂದು, ಹೆಂಡತಿ ಒಬ್ಬಳು, ಪಂಚೆ ಅರ್ಧ, ಹಿತ್ತಾಳೆಯ ಫಲಕ ಒಂದು. ಸ್ವಂತ ವಿಳಾಸ, ಸೊನ್ನೆ.