ಎಡಗಾಲಿಗೆ ಕೆಲಸವಿಲ್ಲ

ಕಾರು ಹಿಂದಕ್ಕೆ ಜಾರುತ್ತಿತ್ತು.

ಹಾಲೇಶ ಮಾತ್ರ ಮುಂದಕ್ಕೇ ನೋಡುತ್ತಿದ್ದ. ತಾನು ಬಗ್ಗಿದಷ್ಟೂ ಕಾರು ಮೇಲೇರೀತು ಎಂಬ ನಂಬಿಕೆಯಲ್ಲಿ ಎದೆಯನ್ನು ಸ್ಟೀರಿಂಗಿಗೆ ಒತ್ತಿ ಹಿಡಿದಿದ್ದ. ವಿದ್ಯಾನಗರದ ರೈಲ್ವೆ ಮೇಲ್ಸೇತುವೆ ಆ ನಂಬಿಕೆಗೆ ಸೊಪ್ಪು ಹಾಕಲಿಲ್ಲ. ಬೇಡದ ಮದುವೆಮನೆಯಿಂದ ಊಟಕ್ಕೆ ಮೊದಲೇ ಜಾಗ ಖಾಲಿ ಮಾಡುವ ನೆಂಟನ ಹಾಗೆ, ಕಾರು ಸದ್ದಿಲ್ಲದೆ ಹಿಂದೆ ಹಿಂದೆ ಸರಿಯುತ್ತಿತ್ತು.

"ಕ್ಲಚ್ ಸಾರ್! ಅರ್ಧ ಕ್ಲಚ್!" ಪಕ್ಕದ ಸೀಟಿನಿಂದ ಶೋರೂಮಿನ ಶಿವಪ್ರಸಾದ್ ಕೂಗಿದ.

"ಅರ್ಧ ಅಂದ್ರೆ ಎಲ್ಲೀವರೆಗೆ?"

"ಅದು ಕಾಲಿಗೆ ಗೊತ್ತಾಗುತ್ತೆ ಸಾರ್!"

ಹಾಲೇಶನ ಕಾಲಿಗೆ ಏನೂ ಗೊತ್ತಾಗಲಿಲ್ಲ. ಇಂಜಿನ್ ಒಮ್ಮೆ ಕೆಮ್ಮಿ ನಿಂತೇಹೋಯಿತು. ಹಿಂದೆ ಸಿಟಿ ಬಸ್ಸೊಂದು ಹಾರ್ನ್ ಒತ್ತಿದ್ದು ಬಿಡಲೇ ಇಲ್ಲ. ಶಿವಪ್ರಸಾದ್ ಬಾವಿಗೆ ಬಿದ್ದ ಕೊಡ ಎಳೆಯುವವನಂತೆ ಎರಡೂ ಕೈಯಲ್ಲಿ ಹ್ಯಾಂಡ್‌ಬ್ರೇಕ್ ಜಗ್ಗಿದ. ಬಸ್ಸಿನ ಮೂತಿಗೆ ಒಂದು ಗೇಣು ಉಳಿದಾಗ ಕಾರು ನಿಂತಿತು.

ಪಕ್ಕದಲ್ಲಿ ಹಾದುಹೋದ ಆಟೋದವನು ತಲೆ ಹೊರಹಾಕಿ, "ಏನಣ್ಣಾ, ರಿವರ್ಸಲ್ಲೇ ಭದ್ರಾವತಿಗಾ?" ಎಂದ.

ಹಿಂದಿನ ಸೀಟಿನಿಂದ ಮೆಲ್ಲಗಿನ ದನಿ ಬಂತು. "ಹಾಲೇಶ್, ಈಗ ಕಣ್ಣು ಬಿಡ್ಬಹುದಾ?"

ಅದು ಉಮಾಮಹೇಶ್ವರಿ ಟೀಚರ್. ಹಾಲೇಶ ಬಾಡಿಗೆಗಿದ್ದ ಮನೆಯ ಒಡತಿ, ನಿವೃತ್ತ ಶಿಕ್ಷಕಿ. 'ನಮ್ಮ ಕಾಂಪೌಂಡಲ್ಲಿ ನಿಲ್ಲೋ ಗಾಡಿ, ನಾನೂ ಒಂದ್ಸಲ ಹತ್ತಿ ನೋಡ್ಬೇಡ್ವಾ' ಎಂದು ಬೆಳಿಗ್ಗೆ ತಾವಾಗಿಯೇ ಹೊರಟು ಬಂದಿದ್ದರು. ಕಣ್ಣು ಬಿಟ್ಟು, ಬಸ್ಸನ್ನು ನೋಡಿ, ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು: "ನಾಚ್ಕೋಬೇಡಿ. ನಾನ್ಯಾರಿಗೂ ಹೇಳಲ್ಲ."

ವಿದ್ಯಾನಗರದಲ್ಲಿ ಟೀಚರ್ ಯಾರಿಗೂ ಹೇಳದ ಸಂಗತಿಗಳೇ ಎಲ್ಲರಿಗೂ ಗೊತ್ತಿರುತ್ತಿದ್ದವು.

ಶಿವಪ್ರಸಾದ್ ತಾನೇ ಸ್ಟೀರಿಂಗ್ ಹಿಡಿದು ಸೇತುವೆ ದಾಟಿಸಿದ. ಆಚೆ ಇಳಿದ ಮೇಲೆ, ಸಾವಿನ ಮನೆಯಲ್ಲಿ ಮಾತಾಡುವವನ ದನಿಯಲ್ಲಿ, "ಸಾರ್, ತಪ್ಪು ತಿಳ್ಕೋಬೇಡಿ. ಇದೇ ಗಾಡಿ ಆಟೋಮ್ಯಾಟಿಕ್‌ನಲ್ಲೂ ಇದೆ. ಎಡಗಾಲಿಗೆ ಕೆಲಸಾನೇ ಇಲ್ಲ" ಎಂದ.

ಇಷ್ಟು ಕರುಣೆಯ ಮಾತನ್ನು ಹಾಲೇಶ ಇತ್ತೀಚೆಗೆ ಕೇಳಿರಲಿಲ್ಲ.

ಅವನಿಗೆ ಲೈಸೆನ್ಸ್ ಇತ್ತು. ಆದರೆ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವನ ಕಾಲಡಿಯೂ ಒಂದು ಕ್ಲಚ್ಚಿತ್ತು, ಎಲ್ಲವನ್ನೂ ಅವನೇ ತುಳಿದಿದ್ದ. ನವುಲೆಯ ಕೃಷಿ ಕಾಲೇಜಿನ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಹಾಲೇಶ ಅಲ್ಲಿಂದಾಚೆಗೆ ಸ್ಕೂಟರಿನಲ್ಲೇ ನೆಮ್ಮದಿಯಾಗಿದ್ದ. ತೊಂದರೆ ಶುರುವಾದದ್ದು ಕಳೆದ ವರ್ಷ, ಭದ್ರಾವತಿಗೆ ಹೆಣ್ಣು ನೋಡಲು ಹೋದಾಗ. ಹುಡುಗಿಯ ಅಪ್ಪ ಧರ್ಮಪ್ಪ ಕಾಗದ ಕಾರ್ಖಾನೆಗೆ ಬಿದಿರು ಹೊತ್ತ ಲಾರಿಗಳನ್ನು ಘಟ್ಟ ಇಳಿಸಿದವರು. ಹುಡುಗನ ಸಂಬಳ ಕೇಳಲಿಲ್ಲ, ಜಾತಕ ಕೇಳಲಿಲ್ಲ. "ಗಾಡಿ ಓಡಿಸ್ತೀರಾ?" ಎಂದಷ್ಟೇ ಕೇಳಿದರು. ಬಾಗಿಲ ಮರೆಯಲ್ಲಿ ಸಮತಾ ನಿಂತಿದ್ದಳು. ಅವಳ ಕಣ್ಣು ಕಂಡು ಹಾಲೇಶ, "ಲಾರಿ ಒಂದು ಬಿಟ್ಟು ಎಲ್ಲಾ ಓಡಿಸ್ತೀನಿ" ಎಂದುಬಿಟ್ಟ.

ಮದುವೆಯಾಯಿತು. ಈಗ ಕಾರು ಕೊಳ್ಳುವ ಕಾಲವೂ ಬಂತು.

ಶಿವಪ್ರಸಾದ್ ಶೋರೂಮಿನಿಂದ ಬದಲಿಸಿ ತಂದ ಆಟೋಮ್ಯಾಟಿಕ್ ಕಾರು ಅದೇ ಸೇತುವೆಯನ್ನು, ಊಟಕ್ಕೆ ಎಲೆ ಹಾಕಿದ್ದಾರೆಂದು ಕೇಳಿದವನು ಮಹಡಿ ಹತ್ತುವ ಹಾಗೆ ಹತ್ತಿತು. ಹಾಲೇಶನ ಎಡಗಾಲು ಮೂಲೆಯಲ್ಲಿ ಸುಮ್ಮನೆ ಕೂತಿತ್ತು. "ಇದೇ ಬುಕ್ ಮಾಡಿ" ಎಂದು ಬಾಯಿ ತೆರೆಯುವಷ್ಟರಲ್ಲಿ ಮಾವನ ಫೋನು ಬಂತು.

"ಅಳಿಯಂದ್ರೇ, ಬುಕ್ ಮಾಡೋಕ್ ಮುಂಚೆ ಗಾಡಿ ಇಲ್ಲಿಗೆ ತಂದು ತೋರ್ಸಿ. ಗೇರ್ ಗಾಡಿ ತಾನೇ? ಇಲ್ಲಿ ಎದುರುಮನೆ ಪರಶುರಾಮ ಪಕ್ಕದಲ್ಲೇ ಕೂತಿದ್ದಾನೆ. ಆಟೋಮ್ಯಾಟಿಕ್ ಅಂದ್ರೆ ಹೆಂಗಸರದು, ಮುದುಕರದು ಅಂತಿದ್ದಾನೆ. ನಮ್ಮ ಅಳಿಯ ಅಂಥೋರಲ್ಲ ಕಣೋ ಅಂದೆ."

"ಹೂಂ ಮಾವ. ಗೇರೇ."

ಮಾವನ ದೊಡ್ಡ ದನಿ ಹಿಂದಿನ ಸೀಟಿಗೂ ಕೇಳಿತ್ತು; ಫೋನಿಟ್ಟ ಮೇಲೆ ಟೀಚರ್ ಕೆರಳಿದರು. "ಹೆಂಗಸರದಂತೆ! ನನ್ನ ತಂಗಿ ಸೊಸೆ ಗೇರ್ ಗಾಡೀಲಿ ಆಗುಂಬೆ ಘಾಟಿ ಹತ್ತಿಸ್ತಾಳೆ. ಅದೂ ಒಂದು ಕೈಯಲ್ಲಿ ಕಡ್ಲೆಕಾಯಿ ತಿನ್ಕೊಂಡು." ಸಮಾಧಾನ ಹೇಳುತ್ತಿದ್ದೇನೆಂದೇ ಅವರು ತಿಳಿದಿದ್ದರು.

ಶಿವಪ್ರಸಾದನಿಗೆ ಗಿರಾಕಿ ಕೈತಪ್ಪುವ ಭಯ. ಅವನೇ ಉಪಾಯ ಹೇಳಿದ. "ಈ ಆಟೋಮ್ಯಾಟಿಕ್ಕೇ ತಗೊಂಡು ಹೋಗೋಣ ಸಾರ್. ಹೊರಗಿಂದ ಎರಡೂ ಒಂದೇ. ನೀವು ಸುಮ್ನೆ ಎಡಗಾಲು ಆಡಿಸ್ತಾ ಇರಿ, ಲಿವರ್ ಮುಟ್ತಾ ಇರಿ. ಹಳೇ ಲಾರಿ ಡ್ರೈವರಿಗೆ ಇದೆಲ್ಲ ಎಲ್ಲಿ ಗೊತ್ತಾಗುತ್ತೆ?"

ಲಿವರಿನ ಮೇಲೆ ಕರವಸ್ತ್ರ ಹೊದೆಸಿದ. ಕಾರಿನ ಬೆನ್ನ ಮೇಲೆ ಆಟೋಮ್ಯಾಟಿಕ್ ಎಂದು ಸಾರುತ್ತಿದ್ದ ಇಂಗ್ಲಿಷ್ ಅಕ್ಷರಗಳಿಗೆ ರಸ್ತೆಬದಿಯ ಕೆಸರು ಬಳಿದ. ಟೀಚರ್ ಮನೆಯ ಮುಂದೆ ಕಾರು ನಿಲ್ಲಿಸಿ, ಒಳಗೆ ಹೋಗಿ ಮಿಡಿ ಉಪ್ಪಿನಕಾಯಿಯ ಜಾಡಿ ತಂದರು. ಸಮತಾಳ ತಾಯಿಗಂತೆ. ಕಾರಣವಿಲ್ಲದೆ ಅವರು ಎಲ್ಲಿಗೂ ಹೋಗುತ್ತಿರಲಿಲ್ಲ.

ಭದ್ರಾವತಿಯವರೆಗಿನ ದಾರಿ ಹಾಲೇಶನ ಬಾಳಿನ ಅತ್ಯಂತ ಸುಖದ ದಾರಿಯಾಗಿತ್ತು. ಮಾವನ ಮನೆಯಿದ್ದ ಕಾಗದನಗರದ ತಿರುವಿನಲ್ಲಿ ಆ ಸುಖ ಮುಗಿಯಿತು.

ಆಗ ಆಷಾಢ. ಹೊಸದಾಗಿ ಮದುವೆಯಾದ ಸಮತಾ ತವರಿಗೆ ಬಂದಿದ್ದಳು. ಅಳಿಯ ಅತ್ತೆಯ ಮನೆಯ ಹೊಸಿಲು ದಾಟುವಂತಿಲ್ಲ, ಅತ್ತೆ ಅಳಿಯನ ಮುಖ ನೋಡುವಂತಿಲ್ಲ. ಆದ್ದರಿಂದ ಒಳಗೆ ಕೂತು ಗುಟ್ಟಾಗಿ ಮುಗಿಸಬಹುದಾದದ್ದೆಲ್ಲ ಸಾಲುಮನೆಗಳ ನಡುವಿನ ಬೀದಿಯಲ್ಲಿ, ಇಡೀ ಸಾಲಿನ ಎದುರು ನಡೆಯಬೇಕಾಯಿತು. ಜನ ಆಗಲೇ ಜಗುಲಿಗಳ ಮೇಲೆ ಕೂತಿದ್ದರು. ಅತ್ತೆ ಚಿನ್ನಮ್ಮ ಕಿಟಕಿಯ ಹಿಂದಿನಿಂದ ಒಂದು ಲೋಟ ಮಜ್ಜಿಗೆ ನೀಡಿದರು. ಅವರ ಕೈಬಳೆ ಮಾತ್ರ ಕಾಣಿಸಿತು. ಸಮತಾ ಹೊಸಿಲ ಮೇಲೆ ನಿಂತು, ಕಾರಿನ ಪಕ್ಕ ನಿಂತ ತನ್ನ ಗಂಡನನ್ನು ನೋಡಿದಳು. ಅವಳ ಮುಖದಲ್ಲಿದ್ದ ಹೆಮ್ಮೆ ಕಂಡು ಹಾಲೇಶ ಖಾಲಿ ಲೋಟವನ್ನೇ ಇನ್ನೊಮ್ಮೆ ಬಾಯಿಗಿಟ್ಟ.

ಧರ್ಮಪ್ಪ ಕಾರಿಗೆ ಒಂದು ಸುತ್ತು ಬಂದರು. ಒಳಗೆ ಇಣುಕಿದರು. ಸ್ಟೀರಿಂಗಿನ ಮೇಲೊಮ್ಮೆ ಕೈಯಿಟ್ಟು, ಬಿಸಿ ತಗುಲಿದವರಂತೆ ತೆಗೆದರು.

"ಧರ್ಮಪ್ಪ, ನೀನೇ ಓಡಿಸೋ ಮಾರಾಯ! ಎಷ್ಟು ದಿನ ಆಯ್ತು ನೀನು ಗಾಡಿ ಹತ್ತಿ!" ಎದುರಿನ ಜಗುಲಿಯಿಂದ ಪರಶುರಾಮ ಕೂಗಿದ. ಅವನೂ ಅದೇ ಕಾರ್ಖಾನೆಯ ಹಳೆಯ ಲಾರಿ ಡ್ರೈವರು. ಇಬ್ಬರೂ ಜೀವಮಾನವಿಡೀ ಒಬ್ಬರನ್ನೊಬ್ಬರು ಓವರ್‌ಟೇಕ್ ಮಾಡಿಕೊಂಡೇ ಬಂದಿದ್ದರು.

"ಅಳಿಯನ ಗಾಡಿ, ಅಳಿಯನೇ ಓಡಿಸ್ಲಿ," ಎಂದು ಧರ್ಮಪ್ಪ ಮುಂದಿನ ಸೀಟಿನಲ್ಲಿ ಕೂತರು. ಬಲಗಾಲು ತಾನಾಗಿ ಒಳಬಂತು. ಎಡಗಾಲನ್ನು ಎರಡೂ ಕೈಯಲ್ಲಿ ಹಿಡಿದು, ಅಕ್ಕಿಚೀಲ ಎತ್ತಿಡುವಂತೆ ಒಳಗಿಟ್ಟುಕೊಂಡರು. ಹಾಲೇಶ ಅದನ್ನು ನೋಡಿಯೂ ನೋಡಲಿಲ್ಲ. ಅವನಿಗೆ ತನ್ನ ಕಾಲಿನದೇ ಚಿಂತೆ.

ಶಿವಪ್ರಸಾದ್ ಹಿಂದೆ ಕೂತ. ಜಾಡಿ ಕೊಟ್ಟು ಇಳಿದುಬಿಡಿ ಎಂದರೆ ಟೀಚರ್, "ರೌಂಡ್ ಮುಗೀಲಿ, ಆಮೇಲೆ ಕೊಡ್ತೀನಿ" ಎಂದು ಜಾಡಿಯನ್ನು ತೊಡೆಯ ಮೇಲೆ ಭದ್ರಪಡಿಸಿಕೊಂಡರು.

ಕಾರು ಹೊರಟಿತು. ಹಾಲೇಶ ಎಡಗಾಲನ್ನು ಎತ್ತಿ ಬರಿ ನೆಲವನ್ನು ತುಳಿದ, ಕರವಸ್ತ್ರದ ಮೇಲೆ ಕೈಯಾಡಿಸಿದ. "ಒಂದನೇ ಗೇರು," ಎಂದ. ಮತ್ತೆ ತುಳಿದ. "ಎರಡು." ಮಾವ ಕಿಟಕಿಯಾಚೆ ನೋಡುತ್ತಿದ್ದರು. ಹಾಲೇಶನಿಗೆ ಧೈರ್ಯ ಬಂತು. ಬೀದಿಯ ಕೊನೆಯಲ್ಲಿ ತಿರುಗಿ ಮತ್ತೆ ಪರಶುರಾಮನ ಜಗುಲಿಯ ಎದುರು ಬರುವ ಹೊತ್ತಿಗೆ ಅವನು ಸುಳ್ಳನ್ನು ತಾನೇ ನಂಬತೊಡಗಿದ್ದ. "ಇಗೋ ಮಾವ, ಮೂರು!" ಎಂದು ಕಾಲನ್ನು ಮೇಲಕ್ಕೆತ್ತಿ ಬಲವಾಗಿ ಇಳಿಸಿದ.

ಆಟೋಮ್ಯಾಟಿಕ್ ಕಾರುಗಳ ಬ್ರೇಕು ಅಗಲವಾಗಿರುತ್ತದೆ. ಕ್ಲಚ್ಚು ಹುಡುಕಿ ಹೊರಟ ಎಡಗಾಲಿಗೆ ಅದು ಸಿಕ್ಕಿತು.

ಕಾರು ಗೋಡೆಗೆ ಗುದ್ದಿದಂತೆ ನಿಂತಿತು. ಶಿವಪ್ರಸಾದನ ಹಣೆ ಮುಂದಿನ ಸೀಟಿಗೆ ಬಡಿಯಿತು. ಜಾಡಿಯ ಮುಚ್ಚಳ ಒಂದು ಕಡೆ, ಮಿಡಿಗಳು ಇನ್ನೊಂದು ಕಡೆ ಹಾರಿದವು. ಕೆಂಪು ರಸವೆಲ್ಲ ಧರ್ಮಪ್ಪನವರ ಹೆಗಲ ಮೇಲಿಂದ ಬಿಳಿ ಶರಟು, ಬಿಳಿ ಪಂಚೆಗಳ ಮೇಲೆ ನಿಧಾನವಾಗಿ ಇಳಿಯಿತು.

ಕಿಟಕಿ ಗಾಜುಗಳು ಕೆಳಗಿಳಿದಿದ್ದವು. ಟೀಚರ್ ತರಗತಿಯ ಕೊನೆಯ ಬೆಂಚಿಗೂ ಕೇಳುವ ದನಿಯಲ್ಲಿ ಹೇಳಿದರು: "ಎಡಗಾಲು ಯಾಕೆ ಹಾಕಿದ್ರಿ ಹಾಲೇಶ್? ಆಟೋಮ್ಯಾಟಿಕ್‌ನಲ್ಲಿ ಎಡಗಾಲಿಗೆ ಕೆಲಸ ಇಲ್ಲ ಅಂತ ಈ ಹುಡುಗ ಬೆಳಿಗ್ಗೇನೇ ಹೇಳಲಿಲ್ವಾ? ಗೇರ್ ಗಾಡೀಲಿ ನೀವು ಬಸ್ಸಿನ ಮೇಲೆ ಹಿಂದಕ್ಕೆ ಹೋದಾಗ!"

ಪರಶುರಾಮ ಎದ್ದು ಬಂದು ಕಿಟಕಿಯೊಳಗೆ ತಲೆ ತೂರಿಸಿ ಎಣಿಸಿದ. "ಒಂದು, ಎರಡು. ಎರಡೇ ಪೆಡಲ್ಲು! ಲೋ ಧರ್ಮಪ್ಪ, ನಿನ್ನ ಅಳಿಯ ಇಲ್ಲದ ಕ್ಲಚ್ ತುಳೀತಿದ್ದಾನೆ ಕಣೋ!"

ಜಗುಲಿಗಳು ನಕ್ಕವು. ಕಿಟಕಿಯ ಹಿಂದಿನಿಂದ ಚಿನ್ನಮ್ಮ, "ಏನಾಯ್ತೇ ಸಮತಾ? ಅಳಿಯಂದ್ರು ಏನ್ ತುಳಿದ್ರಂತೆ?" ಎಂದು ಕೇಳುತ್ತಿದ್ದರು. ಸಮತಾ ಗಂಡನನ್ನೊಮ್ಮೆ ನೋಡಿ ಒಳಗೆ ಹೋದಳು.

ಆ ನೋಟವೊಂದು ಇಲ್ಲದಿದ್ದರೆ ಹಾಲೇಶ ಸುಮ್ಮನಿರುತ್ತಿದ್ದನೇನೋ. ಕಿವಿಯ ತುದಿಯಿಂದ ಉಗುರಿನವರೆಗೆ ನಾಚಿಕೆಯಲ್ಲಿ ಬೇಯುತ್ತಿದ್ದ ಅವನು ಕಾರಿನಿಂದಿಳಿದು, ಇಡೀ ಸಾಲಿಗೆ ಕೇಳುವಂತೆ ಕಿರುಚಿದ: "ಶಿವಪ್ರಸಾದ್! ಗೇರ್ ಗಾಡೀನೇ ಬುಕ್ ಮಾಡ್ರೀ! ಈಗ್ಲೇ! ಕಲೀತೀನಿ, ಶ್ರಾವಣಕ್ಕೆ ಇದೇ ಬೀದೀಲಿ ಓಡಿಸಿ ತೋರಿಸ್ತೀನಿ!"

ಶಿವಪ್ರಸಾದ್ ಒಂದು ಕೈಯಲ್ಲಿ ಹಣೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಫೋನ್ ಒತ್ತಿದ.

ಧರ್ಮಪ್ಪ ಪಂಚೆ ತೊಳೆಯಲು ಹಿತ್ತಲ ನಲ್ಲಿಗೆ ಹೊರಟರು. ಅಳಿಯನಿಗೂ ಬರುವಂತೆ ಸನ್ನೆ ಮಾಡಿದರು. ಹೊಸಿಲು ದಾಟದೆ, ಮನೆಯ ಪಕ್ಕದ ಓಣಿಯಲ್ಲಿ ಹಾಲೇಶ ತಲೆ ತಗ್ಗಿಸಿ ಹಿಂಬಾಲಿಸಿದ.

"ತಪ್ಪಾಯ್ತು ಮಾವ."

"ಯಾಕ್ರೀ ಗೇರ್ ಗಾಡಿ ಬುಕ್ ಮಾಡಿಸಿದ್ರಿ?" ಧರ್ಮಪ್ಪನವರ ದನಿಯಲ್ಲಿ ಅಳುವಿತ್ತು. ಪಂಚೆಯನ್ನು ಮೇಲೆತ್ತಿ ಎಡ ಮಂಡಿ ತೋರಿಸಿದರು. ಅದು ಬಲ ಮಂಡಿಯ ಎರಡರಷ್ಟಿತ್ತು. "ನೋಡಿ. ಕ್ಲಚ್ ತುಳಿಯೋದಿರ್ಲಿ, ಮೆಟ್ಲು ಹತ್ತೋಕಾಗಲ್ಲ. ಗಾಡಿ ಓಡಿಸೋದು ಬಿಟ್ಟಿದ್ದಕ್ಕೆ ಕಣ್ಣು ಮಂಜು ಅಂತ ಎಲ್ಲರಿಗೂ ಹೇಳಿದ್ದೀನಿ. ಪರಶುರಾಮಂಗೆ ಗೊತ್ತಾದ್ರೆ ಬದುಕೋದು ಬೇಡ."

"ಮತ್ತೆ ಫೋನಲ್ಲಿ ಗೇರ್ ಗಾಡಿ ಅಂತ..."

"ಅವನು ಪಕ್ಕದಲ್ಲೇ ಕೂತಿದ್ನಲ್ರೀ! ನೀವು ಬೀದಿಗೆ ಬಂದ ಸದ್ದಲ್ಲೇ ನಂಗೆ ಗೊತ್ತಾಯ್ತು, ಆಟೋಮ್ಯಾಟಿಕ್ಕು ಅಂತ. ಎಷ್ಟು ಖುಷಿಯಾಯ್ತು ಗೊತ್ತಾ? ಹಬ್ಬಕ್ಕೆ ಬಂದಾಗ ಒಂದ್ಸಲ ಸ್ಟೀರಿಂಗ್ ಹಿಡೀಬಹುದು ಅಂತ ಲೆಕ್ಕ ಹಾಕ್ತಾ ಕೂತಿದ್ದೆ."

ಹಾಲೇಶನಿಗೆ ಉಸಿರು ಬಂತು. "ಅಷ್ಟೇನಾ ಮಾವ? ಬದಲಾಯಿಸೋಣ! ಆದ್ರೆ ನಾನು ಹೇಳಿದ್ರೆ ಸೋತಂಗೆ. ಹಿರಿಯರು, ನೀವು ಒಂದು ಮಾತು ಎಲ್ಲರೆದುರು ಹೇಳಿಬಿಡಿ."

ಧರ್ಮಪ್ಪ ಪಂಚೆಯ ಅಂಚು ಹಿಂಡುತ್ತಾ ತಲೆಯಾಡಿಸಿದರು. ಹೌದೆಂದೋ ಅಲ್ಲವೆಂದೋ ತಿಳಿಯಲಿಲ್ಲ.

ಇಬ್ಬರೂ ಬೀದಿಗೆ ಬಂದಾಗ ಯಾರೂ ಕದಲಿರಲಿಲ್ಲ. ಟೀಚರ್ ಬೀದಿಯಲ್ಲಿ ನಿಂತು ಮಿಡಿಗಳನ್ನು ಒಂದೊಂದಾಗಿ ಜಾಡಿಗೆ ಹಾಕುತ್ತಿದ್ದರು. ಸಮತಾ ಮತ್ತೆ ಹೊಸಿಲಿಗೆ ಬಂದಿದ್ದಳು.

"ಶಿವಪ್ರಸಾದ್, ಒಂದ್ನಿಮಿಷ ತಡೀರಿ. ಈ ಮನೆಗೆ ಹಿರಿಯರು ನಮ್ಮ ಮಾವ, ಅವರ ಆಸೆ ಏನೋ ಕೇಳೋಣ," ಎಂದು ಹಾಲೇಶ ದೊಡ್ಡ ದನಿಯಲ್ಲಿ ಹೇಳಿ, ಕಾರಿನ ಡ್ರೈವರ್ ಬಾಗಿಲು ಪೂರಾ ತೆರೆದು ಕೀ ಮುಂದೆ ಚಾಚಿದ. "ಮಾವ, ಬನ್ನಿ, ನೀವೇ ಒಂದು ರೌಂಡ್ ಓಡಿಸಿ ನೋಡಿ. ನಿಮಗೆ ಹಿಡಿಸಿದ್ರೆ ಆಟೋಮ್ಯಾಟಿಕ್ಕೇ ತಗೊಳ್ಳೋಣ."

ಧರ್ಮಪ್ಪ ಕೀಯನ್ನು ನೋಡಿದರು. ಖಾಲಿ ಸೀಟನ್ನು ನೋಡಿದರು. ಅವರ ಕೈ ಒಂದಿಷ್ಟು ಮೇಲೆದ್ದಿತು.

"ನಿಂಗ್ಯಾಕೋ ಧರ್ಮಪ್ಪ ಆಟೋಮ್ಯಾಟಿಕ್ಕು? ಮಂಡಿ ಗಿಂಡಿ ಹೋಯ್ತೇನೋ?" ಪರಶುರಾಮ ಜಗುಲಿಯಿಂದ ಕೇಳಿದ.

ಧರ್ಮಪ್ಪ ಎರಡೂ ಕಾಲುಗಳ ಮೇಲೆ ಸಮನಾಗಿ ಭಾರ ಬಿಟ್ಟು ನೆಟ್ಟಗೆ ನಿಂತರು. ನೋವಿಗೆ ಅವರ ಹಣೆಯಲ್ಲಿ ಬೆವರು ಮೂಡಿದ್ದು ಹಾಲೇಶನೊಬ್ಬನಿಗೆ ಕಂಡಿತು.

"ಬೇಡ," ಎಂದರು ಧರ್ಮಪ್ಪ. "ಗೇರ್ ಇಲ್ಲದ ಗಾಡಿ ನಮ್ಮ ಮನೇಲಿ ಯಾರಿಗೂ ಬೇಡ."